ಪದಚರ್ಚೆ: ‘ಅಬ್ಲೇಷನ್’ ಅಂದರೆ ಗಡ್ಡೆ ತೆಗೆಯುವುದೇ?

ಪ್ರಶ್ನೆ: ಲಿವರ್ ಕ್ಯಾನ್ಸರ್ ರೋಗಿಗಳ ಒಪ್ಪಿಗೆ ಪತ್ರದ ಕನ್ನಡ ಕರಡಿನಲ್ಲಿ ‘ಇಮೇಜ್ ಗೈಡೆಡ್ ರೇಡಿಯೋಫ್ರೀಕ್ವೆನ್ಸಿ ಅಬ್ಲೇಷನ್’ ಎಂಬುದು ಒಂದು ಕಡೆ ‘ಚಿತ್ರ ಮಾರ್ಗದರ್ಶಿತ ವಿಕಿರಣದಿಂದ ಗಡ್ಡೆ ತೆಗೆಯುವುದು’ ಎಂದಾಗಿದೆ, ಇನ್ನೊಂದು ಕಡೆ ‘ಕರೆಂಟ್ ಚಿಕಿತ್ಸೆ’. ಯಾವುದನ್ನು ಉಳಿಸೋಣ?

ಉತ್ತರ 1: ಎರಡನ್ನೂ ಬಿಡಿ. ಇಲ್ಲಿ ರೇಡಿಯೋಥೆರಪಿಯ ವಿಕಿರಣವಿಲ್ಲ. ಸೂಜಿಯ ತುದಿಯಿಂದ ಹರಿಯುವುದು ಸೆಕೆಂಡಿಗೆ ಸುಮಾರು 4–5 ಲಕ್ಷ ಆವರ್ತನದ ವಿದ್ಯುತ್ತು. ಹಾಗೆ ನೋಡಿದರೆ ‘ಕರೆಂಟ್’ ತಪ್ಪಲ್ಲ. ಆದರೆ ನಮ್ಮ ರೋಗಿಗಳ ಬಾಯಲ್ಲಿ ‘ಕರೆಂಟ್ ಇಡ್ತಾರೆ’ ಅಂದರೆ ರೇಡಿಯೋಥೆರಪಿಯೇ. ವಾರಗಟ್ಟಲೆ ಓಡಾಡಬೇಕೇನೋ ಅಂದುಕೊಳ್ಳುತ್ತಾರೆ.

ಇದಕ್ಕಿಂತ ಕೆಟ್ಟದ್ದು ‘ತೆಗೆಯುವುದು’. ಗಡ್ಡೆ ಹೊರಗೆ ಬರುವುದೇ ಇಲ್ಲ. ಆ ವಿದ್ಯುತ್ತಿನಿಂದ ಹುಟ್ಟುವ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜೀವಕೋಶಗಳು ಕ್ಷಣದಲ್ಲಿ ಸಾಯುತ್ತವೆ, ಸತ್ತ ಭಾಗ ಅಲ್ಲೇ ಉಳಿದು ನಿಧಾನಕ್ಕೆ ಕುಗ್ಗುತ್ತದೆ. ಸುತ್ತಲಿನ 5–10 ಮಿ.ಮೀ. ಒಳ್ಳೆಯ ಭಾಗವನ್ನೂ ಬೇಕೆಂದೇ ಸೇರಿಸಿ ಸುಡುವುದರಿಂದ, ಮೊದಲ ಸಿ.ಟಿ.ಯಲ್ಲಿ ಆ ಜಾಗ ಹಳೆಯ ಗಡ್ಡೆಗಿಂತ ದೊಡ್ಡದಾಗಿ ಕಾಣುತ್ತದೆ. ‘ತೆಗೆದಿದ್ದಾರೆ’ ಎಂದು ನಂಬಿದವರು ವರದಿ ಓದಿ ಗಾಬರಿಯಾಗದೆ ಇರುತ್ತಾರೆಯೇ? ಅಲ್ಲಿ ನೋಡಬೇಕಾದ್ದು ಅಳತೆಯನ್ನಲ್ಲ, ಕಾಂಟ್ರಾಸ್ಟ್ (ಸ್ಕ್ಯಾನ್‌ನಲ್ಲಿ ಎದ್ದು ಕಾಣಲು ರಕ್ತನಾಳಕ್ಕೆ ಕೊಡುವ ದ್ರವ) ಕೊಟ್ಟಾಗ ಅಂಚಿನಲ್ಲೆಲ್ಲಾದರೂ ಹೊಳೆಯುವ ತುಣುಕು, ಅಂದರೆ ಸಾಯದ ಗಡ್ಡೆ, ಉಳಿದಿದೆಯೇ ಎಂಬುದನ್ನು.

‘ಸ್ಕ್ಯಾನ್ ನೋಡಿಕೊಂಡು ಸೂಜಿ ಹಾಕಿ, ಗಡ್ಡೆಯನ್ನು ಇದ್ದಲ್ಲೇ ಸುಡುವುದು’ ಎಂದು ಬರೆಯಿರಿ. ನಿಜಕ್ಕೂ ನಡೆಯುವುದು ಸುಡುವುದಕ್ಕಿಂತ ಬೇಯಿಸುವುದು. ಶಾಖ 100 ಡಿಗ್ರಿ ಮೀರಿ ಅಂಗಾಂಶ ಕರಕಲಾದರೆ ವಿದ್ಯುತ್ತು ಮುಂದೆ ಹರಿಯದೆ ಹೊರ ಅಂಚು ಹಸಿಯಾಗಿಯೇ ಉಳಿಯುತ್ತದೆ. ಕೆಲವು ಸೂಜಿಗಳೊಳಗೆ ತಣ್ಣೀರು ಹರಿಸುವುದು ಇದಕ್ಕೇ. ಆದರೂ ಒಪ್ಪಿಗೆ ಪತ್ರದಲ್ಲಿ ‘ಲಿವರ್ ಬೇಯಿಸುತ್ತೇವೆ’ ಅಂದರೆ ಯಾರು ಸಹಿ ಹಾಕುತ್ತಾರೆ!

ಉತ್ತರ 2: ಒಪ್ಪಿದೆ, ಆದರೆ ಶೀರ್ಷಿಕೆಯಲ್ಲಿ ‘ಅಬ್ಲೇಷನ್’ ಹಾಗೇ ಇರಲಿ. ಕ್ರಯೋ ಅಬ್ಲೇಷನ್‌ನಲ್ಲಿ ಆರ್ಗಾನ್ ಅನಿಲದಿಂದ ಗಡ್ಡೆಯನ್ನು ಹೆಪ್ಪುಗಟ್ಟಿಸುತ್ತಾರೆ. ಅಲ್ಲಿ ‘ಸುಡು’ ಹೊಂದುವುದಿಲ್ಲ.

ಕರಡಿನಲ್ಲಿ ‘ಹೀಟ್ ಸಿಂಕ್’ ಎಂಬುದು ‘ಶಾಖ ಮುಳುಗುವಿಕೆ’ ಆಗಿದ್ದರೆ ಅದನ್ನೂ ತಿದ್ದಿ. ಗಡ್ಡೆ ದೊಡ್ಡ ರಕ್ತನಾಳಕ್ಕೆ ತಾಗಿಕೊಂಡಿದ್ದರೆ ಹರಿಯುವ ರಕ್ತ ಶಾಖವನ್ನು ಒಯ್ದುಬಿಡುತ್ತದೆ, ಆ ಬದಿಯಲ್ಲಿ ಗಡ್ಡೆಯ ಚೂರು ಉಳಿಯಬಹುದು. ಇದಕ್ಕೆ ಒಂದೇ ಪದ ಹುಡುಕಬೇಡಿ, ಈ ವಾಕ್ಯವನ್ನೇ ಹಾಕಿ. ಸೂಜಿಯಿಂದ ಹರಿದ ವಿದ್ಯುತ್ತು ಮೈಯಿಂದ ಹೊರಹೋಗುವ ‘ಗ್ರೌಂಡಿಂಗ್ ಪ್ಯಾಡ್’ಗೆ ‘ತೊಡೆಗೆ ಅಂಟಿಸುವ ಪ್ಯಾಡ್’ ಸಾಕು. ಅದು ಸರಿಯಾಗಿ ಅಂಟದಿದ್ದರೆ ಚರ್ಮ ಸುಡುತ್ತದೆ ಎಂಬುದು ಅಪಾಯಗಳ ಪಟ್ಟಿಯಲ್ಲಿ ಇರಲೇಬೇಕು.