ಟೈಮಿಂಗ್ ‘ಕೂಡಿಸು’ವುದೋ, ‘ಕುಂದ್ರಿಸು’ವುದೋ?

ಎಲ್ಲರಿಗೂ ನಮಸ್ಕಾರ.

ಹಳೇ ಮಾರುತಿ 800 ಕಾರಿನ ಟೈಮಿಂಗ್ ಬೆಲ್ಟನ್ನು (ಪಿಸ್ಟನ್ನಿನ ಓಟಕ್ಕೆ ಸರಿಯಾಗಿ ವಾಲ್ವು ತೆರೆದು ಮುಚ್ಚುವಂತೆ ಮಾಡುವ ಹಲ್ಲಿನ ಪಟ್ಟಿ) ಮನೆಯಲ್ಲೇ ಬದಲಾಯಿಸಿಕೊಳ್ಳುವವರಿಗೆಂದು ಕನ್ನಡದಲ್ಲೊಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಹೆಸರುಗಳ ಬಗ್ಗೆ ತಕರಾರಿಲ್ಲ. ಬೆಲ್ಟು, ಪುಲ್ಲಿ, ಕ್ರ್ಯಾಂಕು, ವಾಲ್ವು ಎಲ್ಲ ನಮ್ಮ ದಾವಣಗೆರೆ ಗ್ಯಾರೇಜುಗಳಲ್ಲಿ ಎಂದೋ ಕನ್ನಡವಾಗಿವೆ. ‘ಕಾಲನಿಯಂತ್ರಕ ಪಟ್ಟಿ ಕೊಡಿ’ ಎಂದು ಸ್ಪೇರ್ಸ್ ಅಂಗಡಿಗೆ ಹೋದರೆ ಬರಿಗೈಲಿ ವಾಪಸು ಬರಬೇಕಷ್ಟೆ. ತೊಡಕಿರುವುದು ಕ್ರಿಯಾಪದದಲ್ಲಿ.

ಮೆಕ್ಯಾನಿಕ್‌ಗಳು ‘ಟೈಮಿಂಗ್ ಕೂಡ್ಸು’ ಅಂತಾರೆ, ‘ಮಾರ್ಕ್ ಕೂಡ್ಸು’ ಅಂತಾರೆ, ‘ಬೆಲ್ಟ್ ಕುಂದ್ರುಸು’ (ಕೂರಿಸು) ಅಂತಲೂ ಅಂತಾರೆ. ಕೂಡು ಎಂದರೆ ಸೇರು. ಬಡಗಲ ಕಡೆ ಕೂತುಕೊ ಎಂದೂ ಆಗುತ್ತದೆ. ಭೂತಕಾಲಕ್ಕೆ ತಂದರೆ ಎರಡೂ ಬೇರೆಯಾಗುತ್ತವೆ: ಸೇರಿದ್ದು ‘ಕೂಡಿತು’, ಕೂತದ್ದು ‘ಕುಂತಿತು’. ಪ್ರೇರಣಾರ್ಥಕಕ್ಕೆ ಬಂದಾಗ ಎರಡೂ ‘ಕೂಡಿಸು’ ಆಗಿ ಕಲಸಿಹೋಗುತ್ತವೆ. ನಾನು ಕೇಳಿದ ಒಬ್ಬ ಹಿರಿಯ ಮೇಸ್ತ್ರಿ ‘ಮಾರ್ಕು ಕೂಡ್ಯಾವು, ಇನ್ನು ಬೆಲ್ಟು ಕುಂತ್ರೆ ಆತು’ ಅಂದರು. ಅವರ ಬಾಯಲ್ಲಿ ಎರಡೂ ಬೇರೆ ಬೇರೆ ಕೆಲಸ, ಗೊಂದಲವೇ ಇಲ್ಲ. ಗೊಂದಲ ಬರೆಯುವ ನನಗೆ.

ಇದು ಬರೀ ವ್ಯಾಕರಣದ ಚೌಕಾಸಿಯಲ್ಲ. ಬೆಲ್ಟು ಎರಡು ಹಲ್ಲಿನ ಗಾಲಿಗಳನ್ನು (ಪುಲ್ಲಿಗಳನ್ನು) ಜೋಡಿಸುತ್ತದೆ: ಕೆಳಗಿನದು ಕ್ರ್ಯಾಂಕಿನದು, ಮೇಲಿನದು ವಾಲ್ವು ತೆರೆಸುವ ಕ್ಯಾಮಿನದು. ಕೆಳಗಿನ ಗಾಲಿ ಎರಡು ಸುತ್ತು ತಿರುಗಿದಾಗ ಮೇಲಿನದು ಒಂದೇ ಸುತ್ತು. ಅದಕ್ಕೇ ಮೇಲಿನದಕ್ಕೆ ಹಲ್ಲು ಎರಡರಷ್ಟು. ಪ್ರತಿ ಗಾಲಿಯ ಗುರುತೂ ಇಂಜಿನ್ನಿನ ಮೈಮೇಲಿರುವ ತನ್ನದೇ ಗುರುತಿಗೆ ನೇರ ನಿಲ್ಲಬೇಕು. ‘ಗುರುತು ಕೂಡಿಸಿ’ ಎಂದು ಬರೆದರೆ ಹೊಸಬ ಎರಡು ಗಾಲಿಗಳ ಗುರುತನ್ನು ಮುಖಾಮುಖಿ ತಂದುಬಿಡಬಹುದು. ಟೈಮಿಂಗ್ ತಪ್ಪಿದರೆ ಗಾಡಿ ಎಳೆಯುವುದಿಲ್ಲ. ಎಷ್ಟೋ ಇಂಜಿನ್ನುಗಳಲ್ಲಿ ಪಿಸ್ಟನ್ ಬಡಿದು ವಾಲ್ವ್ ಬೆಂಡಾಗುತ್ತದೆ. ಹಳೇ ಲಾರಿ ಇಂಜಿನ್ನುಗಳಲ್ಲಿ ಬೆಲ್ಟಿಲ್ಲ, ಗೇರುಗಳೇ. ಅಲ್ಲಿ ಒಂದು ಗೇರಿನ ಚುಕ್ಕಿ ಇನ್ನೊಂದರ ಚುಕ್ಕಿಗೆ ನಿಜಕ್ಕೂ ಕೂಡುತ್ತದೆ. ಪೂನಾ-ಬೆಂಗಳೂರು ರಸ್ತೆಯ ಲಾರಿ ಗ್ಯಾರೇಜುಗಳಿಂದಲೇ ಈ ಮಾತು ಕಾರಿಗೆ ಇಳಿದು ಬಂದಿರಬೇಕು ಎಂಬುದು ನನ್ನ ಊಹೆ.

ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಪ್ರತಿ ಗಾಲಿಯ ಗುರುತನ್ನು ಅದರದರ ಗುರುತಿಗೆ ನೇರ ಮಾಡಿ. ಬೆಲ್ಟು ಕೂರಿಸಿ. ಕೆಳಗಿನ ಗಾಲಿಯನ್ನು ಪಾನಾದಿಂದ, ಇಂಜಿನ್ ತಿರುಗುವ ದಿಕ್ಕಿಗೇ, ಪೂರಾ ಎರಡು ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡಿ.’ ‘ಕೂರಿಸಿ’ ಮೈಸೂರು ಕಡೆಯ ಮಾತು, ನನ್ನ ಕಿವಿಗೆ ಸ್ವಲ್ಪ ಪರಕೀಯ. ‘ಕುಂದ್ರಿಸಿ’ ಎಂದೇ ಅಚ್ಚು ಹಾಕಿದರೆ ಮಂಗಳೂರಿನವರಿಗೆ, ಮಡಿಕೇರಿಯವರಿಗೆ ತಿಳಿದೀತೇ?

ಇನ್ನೊಂದು ಪದ, ಬಿಗಿತದ್ದು. ಬೆಲ್ಟಿನ ಉದ್ದನೆಯ ಭಾಗವನ್ನು ಹೆಬ್ಬೆರಳು-ತೋರುಬೆರಳ ನಡುವೆ ಹಿಡಿದು ತಿರುಚಿದರೆ ಕಾಲು ಸುತ್ತಿನಷ್ಟು ಹೊರಳಬೇಕು ಅನ್ನುವುದು ಗ್ಯಾರೇಜಿನ ಹಳೇ ಲೆಕ್ಕ. ಈ ನಡುಮಟ್ಟದ ಬಿಗಿಗೆ ಇಲ್ಲಿನವರು ‘ಹದ’ ಅನ್ನುತ್ತಾರೆ: ‘ಟೈಟೂ ಬ್ಯಾಡ, ಲೂಜೂ ಬ್ಯಾಡ, ಹದಕ್ಕೆ ಬಿಡು.’ ಇದನ್ನು ಮಾತ್ರ ಯಾರು ಏನೆಂದರೂ ಬಿಡುವುದಿಲ್ಲ.

ಚಳ್ಳಕೆರೆ, ಹಿರಿಯೂರು, ಹೊಸದುರ್ಗದ ಕಡೆ ಗ್ಯಾರೇಜುಗಳಲ್ಲಿ ‘ಕೂಡ್ಸು’ ನಡೆಯುತ್ತದೆಯೇ, ‘ಕುಂದ್ರುಸು’ವೋ? ಬೆಲ್ಟು ಒಂದು ಹಲ್ಲು ತಪ್ಪಿ ಕೂತದ್ದಕ್ಕೆ ಇಲ್ಲಿ ‘ಹಲ್ಲು ಹಾರೈತೆ’ ಅಂತಾರೆ, ನಿಮ್ಮಲ್ಲಿ? ಹರಿಹರದ ಕಾರ್ಖಾನೆಗಳಲ್ಲಿ ಲೇತ್ ಮೇಲೆ ಕೆಲಸ ಮಾಡಿದ ಹಿರಿಯರು ಇಲ್ಲಿದ್ದರೆ, ಗೇರ್ ಹೊಂದಿಸುವಾಗ ಯಾವ ಮಾತು ಬಳಸುತ್ತಿದ್ದಿರಿ ಎಂದು ದಯವಿಟ್ಟು ತಿಳಿಸಿ. ನಿಘಂಟಿನ ಅರ್ಥ ಬೇಡ, ಬಾಯಲ್ಲಿ ಬರುತ್ತಿದ್ದ ಹಾಗೆಯೇ ಬರೆಯಿರಿ.