ಸಹಾಯ ಬೇಕು: ಮುಚ್ಚಿದ ಎಕ್ಸ್ ಕ್ರೋಮೋಸೋಮ್ ಮುಚ್ಚಿಯೇ ಉಳಿಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾಳಿದ್ದು ನನ್ನ ಸೆಮಿನಾರ್, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೀನಿ. ಜೀವಶಾಸ್ತ್ರ ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ನನಗೆ ತಿಳಿದಿರೋದು ಇಷ್ಟು. ಹೆಣ್ಣು ಇಲಿ, ಬೆಕ್ಕು, ಮನುಷ್ಯರ ಕೋಶಗಳಲ್ಲಿ ಎರಡು ಎಕ್ಸ್ ಇದ್ದರೂ, ಭ್ರೂಣ ಇನ್ನೂ ಪುಟ್ಟದಿರುವಾಗಲೇ ಒಂದು ಮುಚ್ಚಿಹೋಗುತ್ತೆ, ಅಂದರೆ ಅದರ ಹೆಚ್ಚಿನ ಜೀನ್‌ಗಳು ಕೆಲಸ ನಿಲ್ಲಿಸುತ್ತವೆ. ಇಲಿಗಳ ಮೈಬಣ್ಣ ನೋಡಿ 1961ರಲ್ಲಿ ಇದನ್ನು ಹೇಳಿದ್ದು ಮೇರಿ ಲಯನ್. ನಮ್ಮ ಬೆಕ್ಕಿನ ಬೆನ್ನ ಮೇಲೂ ಅದೇ ಕಥೆ: ಒಂದು ಕಪ್ಪು ತೇಪೆ, ಪಕ್ಕದಲ್ಲೇ ಕಿತ್ತಳೆ ತೇಪೆ. ಕಪ್ಪೋ ಕಿತ್ತಳೆಯೋ ಅಂತ ನಿರ್ಧರಿಸೋ ಜೀನ್ ಇರೋದು ಎಕ್ಸ್ ಮೇಲೇ. ಯಾವ ಎಕ್ಸ್ ಎಲ್ಲಿ ಎಚ್ಚರವಾಗಿದೆ ಅಂತ ಮೈಮೇಲೇ ನಕ್ಷೆ! (ಬಿಳಿ ಬಣ್ಣದ್ದು ಬೇರೆಯದೇ ಜೀನ್. ಎರಡನ್ನೂ ಕಲಸಿಕೊಂಡು ನಾನು ಎರಡು ದಿನ ಒದ್ದಾಡಿದೆ.)

ಮುಚ್ಚುವ ಕೆಲಸ ಶುರುಮಾಡೋದು ಎಕ್ಸಿಸ್ಟ್ ಅನ್ನೋ ಆರ್‌ಎನ್‌ಎ. ಅದರಿಂದ ಪ್ರೊಟೀನ್ ತಯಾರಾಗಲ್ಲ. ತಾನು ಹುಟ್ಟಿದ ಕ್ರೋಮೋಸೋಮಿಗೇ ಕಂಬಳಿಯಂತೆ ಕವಿದುಕೊಳ್ಳುತ್ತೆ. ಆಮೇಲೆ ಹಿಸ್ಟೋನ್‌ಗಳ (ಡಿಎನ್‌ಎ ಸುತ್ತಿಕೊಂಡಿರೋ ಪ್ರೊಟೀನ್‌ಗಳು) ಮೇಲೆ ರಾಸಾಯನಿಕ ಗುರುತು, ಡಿಎನ್‌ಎ ಮೇಲೆ ಮೀಥೈಲ್ ಅನ್ನೋ ಪುಟ್ಟ ರಾಸಾಯನಿಕ ಗುರುತು, ಕೊನೆಗೆ ಬಾರ್ ಬಾಡಿ ಅನ್ನೋ ಮುದ್ದೆ.

ತೊಡಕು ಇಲ್ಲಿ. ಕೋಶ ಒಡೆಯುವ ಮುಂಚೆ ಡಿಎನ್‌ಎ ನಕಲಾಗುತ್ತಲ್ಲ, ಹೊಸ ಎಳೆಯಲ್ಲಿ ಮೀಥೈಲ್ ಇರಲ್ಲ. ಹಳೇ ಎಳೆ ನೋಡಿ ಹೊಸದಕ್ಕೆ ಹಚ್ಚೋಕೆ ಡಿಎನ್‌ಎಂಟಿ1 ಕಿಣ್ವ ಇದೆ, ಅದು ಸರಿ. ಹಿಸ್ಟೋನ್ ಗುರುತುಗಳ ಕಥೆ ಏನು? ಹಳೇ ಹಿಸ್ಟೋನ್‌ಗಳು ಎರಡೂ ನಕಲುಗಳಿಗೆ ಹಂಚಿಹೋದರೆ ಪ್ರತಿ ಸಲವೂ ಗುರುತು ಅರ್ಧಕ್ಕಿಳಿಯಬೇಕಲ್ವಾ?

ಇನ್ನೊಂದು ಸಣ್ಣ ಪ್ರಶ್ನೆ. ಎಕ್ಸ್‌ಎಕ್ಸ್‌ವೈ ಇರುವವರಲ್ಲಿ (ಒಂದು ಎಕ್ಸ್ ಹೆಚ್ಚಿಗೆ ಇರೋ ಗಂಡಸರು) ಹೆಚ್ಚುವರಿ ಎಕ್ಸ್ ಮುಚ್ಚಿದ್ದರೂ ಮಕ್ಕಳಾಗದಿರೋದು ಮುಂತಾದ ಕ್ಲೈನ್‌ಫೆಲ್ಟರ್ ಲಕ್ಷಣಗಳು ಕಾಣುತ್ತವೆ. ಕೆಲವು ಜೀನ್‌ಗಳು ಮುಚ್ಚದೆ ತಪ್ಪಿಸಿಕೊಳ್ಳೋದೇ ಕಾರಣ ಅಂದರೆ ಸಾಕಾ?

ಕೈಯಲ್ಲಿ ಚಿತ್ರ ಗೀಚಿ ಫೋಟೋ ಹಾಕಿದರೂ ನಡೆಯುತ್ತೆ.