ಜಿಸಿಸಿ: ಗ್ಲೋಬಲ್ ವೇರಿಯಬಲ್‌ಗೆ ಬೀಗ ಹಾಕಿದೆ, ಈಗ ಕಂಪೈಲರೇ ಬೀಳುತ್ತಿದೆ

ಕೋಡುಬಳೆ: ಮೂರು ದಿನದಿಂದ ತಲೆ ಕೆಟ್ಟಿದೆ. ನಾವು ಜಿಸಿಸಿ ಕಂಪೈಲರಿಗೆ ಒಂದು ಬ್ಯಾಕೆಂಡ್ (ಒಂದು ಪ್ರೊಸೆಸರಿಗೆ ತಕ್ಕ ಕೋಡ್ ಹುಟ್ಟಿಸುವ ಭಾಗ) ಬರೆಯುತ್ತಿದ್ದೇವೆ. ಅದರಲ್ಲಿ ಒಂದು ಗ್ಲೋಬಲ್ ಟೇಬಲ್ ಇತ್ತು. ಕಂಡ ಕಂಡ ಫೈಲೆಲ್ಲ ಅದಕ್ಕೆ ಕೈ ಹಾಕುತ್ತಿತ್ತು. ಅದನ್ನು ಕ್ಲಾಸಿನೊಳಗೆ ಪ್ರೈವೇಟ್ ಸ್ಟ್ಯಾಟಿಕ್ ಮಾಡಿದೆ. ಓದಲು ಒಂದು ಫಂಕ್ಷನ್, ಬರೆಯಲು ಒಂದು. ಚಿಕ್ಕ ಟೆಸ್ಟೆಲ್ಲ ಪಾಸ್. ದೊಡ್ಡ ಫೈಲ್ ಕೊಟ್ಟರೆ ಸೆಗ್ಮೆಂಟೇಶನ್ ಫಾಲ್ಟ್ (ತಪ್ಪು ಮೆಮೊರಿ ಮುಟ್ಟಿ ಬೀಳುವುದು), ಅದೂ ಒಂದೊಂದು ಫೈಲಿಗೆ ಒಂದೊಂದು ಕಡೆ. ಬೇರೆ ಏನೂ ಮುಟ್ಟಿಲ್ಲ!

ಹಳೇಲಿನಕ್ಸ್: ಯಾರೋ ಹಿಂಬಾಗಿಲಿಂದ ಬರೆಯುತ್ತಿದ್ದಾರೆ. ಪ್ರಾಗ್ಮಾ ಪಾಯ್ಸನ್ ಹಾಕಿ, ಆಮೇಲೆ ಆ ಹೆಸರು ಬಳಸಿದರೆ ಕಂಪೈಲರ್ ಎರರ್ ಕೊಡುತ್ತದೆ. ಜಿಸಿಸಿಯದೇ ಸಿಸ್ಟಮ್ ಡಾಟ್ ಎಚ್‌ನಲ್ಲಿ ಮ್ಯಾಲಕ್‌ಗೆ ಹಾಗೇ ಹಾಕಿದ್ದಾರೆ, ನೋಡಿ.

ಕೋಡುಬಳೆ: ಪ್ರೈವೇಟ್ ಅಂದೆನಲ್ಲ ಸರ್. ಹೊರಗಿನಿಂದ ಮುಟ್ಟಿದರೆ ಕಂಪೈಲೇ ಆಗುವುದಿಲ್ಲ.

ಹಳೇಲಿನಕ್ಸ್: ಆದರೂ ಹಾಕಿ ನೋಡಿ. ಇಲ್ಲವೇ ಜಿಸಿಸಿಯ ಸಿಫನ್ (ಈಗ ಕಂಪೈಲ್ ಆಗುತ್ತಿರುವ ಫಂಕ್ಷನ್ನಿನ ಗ್ಲೋಬಲ್ ಪಾಯಿಂಟರ್) ತರಹ ಮಾಡಿ. ಅದು 'ಸಿಫನ್ + 0' ಅನ್ನುವ ಮ್ಯಾಕ್ರೋ. ಸಮ ಚಿಹ್ನೆಯ ಎಡಗಡೆ ಇಟ್ಟರೆ ಎಲ್‌ವ್ಯಾಲ್ಯೂ ಎರರ್ (ಇದಕ್ಕೆ ಬೆಲೆ ತುಂಬಲಾಗದು ಅಂತ) ಬರುತ್ತದೆ. ಬದಲಾಯಿಸಬೇಕಾದರೆ ಸೆಟ್ ಸಿಫನ್, ಪುಶ್ ಸಿಫನ್ ಕರೆಯಬೇಕು. ಫಂಕ್ಷನ್ ಡಾಟ್ ಸಿ ಒಳಗೆ ಮಾತ್ರ ಅನ್‌ಡೆಫ್ ಮಾಡಿಕೊಂಡಿದ್ದಾರೆ.

ತುಂತುರು: ಡಾಟ್ ಸಿಸಿ. 2022ರಲ್ಲೇ ಹೆಸರು ಬದಲಾಯಿತು.

ಹಳೇಲಿನಕ್ಸ್: ನಾನು ನೋಡುವಾಗ ಸಿ ಇತ್ತು. ವಿಷಯ ಅದಲ್ಲ.

ತುಂತುರು: ಹುಡುಕಿದವರಿಗೆ ಫೈಲ್ ಸಿಗಬೇಡವಾ? ಇನ್ನೊಂದು, ಪಾಯ್ಸನ್‌ಗೆ ಮೊದಲೇ ಬರೆದ ಮ್ಯಾಕ್ರೋ ಒಳಗೆ ಆ ಹೆಸರಿದ್ದರೆ ಅದು ಏನೂ ಹೇಳುವುದಿಲ್ಲ, ಸುಮ್ನೆ ಬಿಟ್ಟುಬಿಡುತ್ತದೆ.

ಮಳೆಗಾಲ: ಜಿಸಿಸಿ ಬಿಟ್ಟು ಎಲ್‌ಎಲ್‌ವಿಎಂ ಕಂಪೈಲರಿಗೆ ಬನ್ನಿ ಮಾರಾಯ್ರೇ. ಅಲ್ಲಿ ಎಲ್ಲ ಗ್ಲೋಬಲ್ ಬದಲು ಕಾಂಟೆಕ್ಸ್ಟ್ ಅನ್ನುವ ಆಬ್ಜೆಕ್ಟ್ ಒಳಗಿರುತ್ತದೆ.

ತುಂತುರು: ಎಲ್ಲ ಅಂತೆ! ಅಲ್ಲಿನ ಕಮಾಂಡ್ ಲೈನ್ ಆಪ್ಷನ್‌ಗಳು ಗ್ಲೋಬಲ್ ಅಲ್ವಾ? ಜಿಸಿಸಿಯೂ ಸಾಚಾ ಅಲ್ಲ ಬಿಡಿ. 2015ರಲ್ಲಿ ಬಂದ ಲಿಬ್‌ಜಿಸಿಸಿಜಿಟ್ (ಜಿಸಿಸಿಯನ್ನು ಲೈಬ್ರರಿಯಾಗಿ ಬಳಸುವ ದಾರಿ) ಈ ಗ್ಲೋಬಲ್‌ಗಳ ಕಾಟಕ್ಕೇ ಒಂದು ದೊಡ್ಡ ಮ್ಯೂಟೆಕ್ಸ್ (ಸಲಕ್ಕೊಂದೇ ಥ್ರೆಡ್ ಒಳಬಿಡುವ ಬೀಗ) ಹಿಡಿದು ಕೂರುತ್ತದೆ.

ರೈಜನ್‌ರಾಯ: ರ‍್ಯಾಮ್ ಟೆಸ್ಟ್ ಮಾಡಿದ್ದೀರಾ? ನನ್ನದು 64 ಜಿಬಿ, ನೀರಿನ ಕೂಲಿಂಗ್. ಒಂದು ದಿನವೂ ಸೆಗ್‌ಫಾಲ್ಟ್ ಕಂಡಿಲ್ಲ.

ಗುಜರಿಅಂಗಡಿ: ಕೋಡುಬಳೆ, ಆ ಟೇಬಲಿನಲ್ಲಿ ಟ್ರೀ (ಜಿಸಿಸಿ ಓದಿದ ಕೋಡನ್ನು ಮೆಮೊರಿಯಲ್ಲಿಡುವ ರಚನೆ) ಪಾಯಿಂಟರ್‌ಗಳಿವೆಯಾ? ಮೊದಲು ಅದರ ಮುಂದೆ ಜಿಟಿವೈ ಅಂತ ಇತ್ತಾ?

ಕೋಡುಬಳೆ: ಎರಡೂ ಹೌದು. ಕ್ಲಾಸಿಗೆ ಸಾಗಿಸುವಾಗ ಜಿಟಿವೈ ತೆಗೆದೆ. ಖಾಲಿ ಆವರಣ ಇತ್ತು, ಹಳೇ ಕಾಲದ ಅಲಂಕಾರ ಅಂದುಕೊಂಡೆ.

ಗುಜರಿಅಂಗಡಿ: ಅದೇ ಇಲ್ಲಿ ಜೀವ! ಮೊದಲ ಪೋಸ್ಟಿನಲ್ಲೇ ಹೇಳಬಾರದಿತ್ತಾ? ಜೆನ್‌ಜಿಟೈಪ್ (ಜಿಸಿಸಿ ಕಟ್ಟುವಾಗ ಓಡುವ ಟೂಲ್) ಆ ಗುರುತು ನೋಡಿಯೇ ಬೇಡದ ಮೆಮೊರಿ ಗುಡಿಸುವ ಗಾರ್ಬೇಜ್ ಕಲೆಕ್ಟರ್‌ಗೆ ರೂಟ್ ಪಟ್ಟಿ, ಅಂದರೆ ಇಲ್ಲಿಂದ ಸಿಗುವುದನ್ನು ಉಳಿಸು ಅನ್ನುವ ಪಟ್ಟಿ, ಕೊಡುವುದು. ಗುರುತು ಹೋದರೆ ಆ ಟ್ರೀ ಯಾರಿಗೂ ಬೇಡದ ಕಸ. ಗುಡಿಸಿ ಹಾಕುತ್ತದೆ, ನಿಮ್ಮ ಪಾಯಿಂಟರ್ ಮಾತ್ರ ಉಳಿಯುತ್ತದೆ. ಚಿಕ್ಕ ಟೆಸ್ಟ್ ಯಾಕೆ ಪಾಸ್ ಅಂದರೆ, 1 ಜಿಬಿಗಿಂತ ಜಾಸ್ತಿ ರ‍್ಯಾಮ್ ಇದ್ದರೆ ಸಾಮಾನ್ಯವಾಗಿ ಹೀಪ್ 128 ಎಂಬಿ ದಾಟುವವರೆಗೆ ಕಲೆಕ್ಟರ್ ಏಳುವುದೇ ಇಲ್ಲ. ಜಿಜಿಸಿ ಮಿನ್ ಎಕ್ಸ್‌ಪ್ಯಾಂಡ್, ಜಿಜಿಸಿ ಮಿನ್ ಹೀಪ್‌ಸೈಜ್ ಎರಡೂ ಪ್ಯಾರಾಮ್ (ಕಲೆಕ್ಟರ್ ಯಾವಾಗ ಏಳಬೇಕು ಅನ್ನುವ ಆಪ್ಷನ್) 0 ಮಾಡಿ ಓಡಿಸಿ. ಚಿಕ್ಕದರಲ್ಲೂ ಬೀಳಬೇಕು.

ಕೋಡುಬಳೆ: ಬಿತ್ತು! ಹತ್ತು ಸಾಲಿನ ಫೈಲಿನಲ್ಲೂ ಬಿತ್ತು. ಹಾಗಾದರೆ ಬೀಗ ಹಾಕುವುದು ಹೇಗೆ? ಮತ್ತೆ ಎಲ್ಲರಿಗೂ ಬಿಟ್ಟುಕೊಡಬೇಕಾ?

ಗುಜರಿಅಂಗಡಿ: ಬೇಡ. ಕ್ಲಾಸ್ ಬಿಡಿ. ಒಂದೇ ಸಿಸಿ ಫೈಲಿನಲ್ಲಿ, ಫೈಲ್ ಮಟ್ಟದಲ್ಲಿ ಸ್ಟ್ಯಾಟಿಕ್ ಜಿಟಿವೈ ಇಡಿ. ಹೆಡರಿನಲ್ಲಿ ಆ ಎರಡು ಫಂಕ್ಷನ್ ಮಾತ್ರ. ಫೈಲಿನ ಕೊನೆಗೆ ಜೆನ್‌ಜಿಟೈಪ್ ಹುಟ್ಟಿಸುವ ಅದರ ಜಿಟಿ ಹೆಡರ್ ಇನ್‌ಕ್ಲೂಡ್ ಮಾಡಿ. ಫೈಲ್ ಹೆಸರು ಟಾರ್ಗೆಟ್ ಜಿಟಿಫೈಲ್ಸ್ ಪಟ್ಟಿಯಲ್ಲೂ (ಜೆನ್‌ಜಿಟೈಪ್ ನೋಡಬೇಕಾದ ಫೈಲುಗಳು) ಇರಬೇಕು.

ಕೋಡುಬಳೆ: ಮಾಡಿದೆ. ಚಿಕ್ಕ ಟೆಸ್ಟ್ ಈಗ ಬೀಳುತ್ತಿಲ್ಲ. ಬೂಟ್‌ಸ್ಟ್ರ್ಯಾಪ್ (ಜಿಸಿಸಿಯಿಂದಲೇ ಜಿಸಿಸಿ ಕಟ್ಟುವುದು) ಹಚ್ಚಿದ್ದೇನೆ, ಎರಡನೇ ಹಂತದಲ್ಲಿದೆ.

ಹಳೇಲಿನಕ್ಸ್: ಪಾಯ್ಸನ್ ಕೂಡ ಹಾಕಿಬಿಡಿ.

ರೈಜನ್‌ರಾಯ: ಬೂಟ್‌ಸ್ಟ್ರ್ಯಾಪ್‌ಗೆ ಎಷ್ಟು ಹೊತ್ತು ಹಿಡಿಯುತ್ತದೆ ನಿಮ್ಮಲ್ಲಿ? ಎಷ್ಟು ಕೋರ್?